ಕಣ್ಣಿಗೊಂದು ಕಾಜಾ

ಗುಂಡಕ್ಕನ ಹೆಸರು ಮೊದಲು ಕೇಳಿ ಆಮೇಲೆ ಆಳನ್ನು ನೋಡಿದವರಿಗೆ ನಗು ತಡೆಯುವುದು ಕಷ್ಟ. ದುಂಡನೆಯ ಹೆಂಗಸೊಬ್ಬಳು ಬರುತ್ತಾಳೆ ಎಂದು ಕಾದು ಕೂತಿರುತ್ತಾರೆ, ಬರುವವಳು ನೋಡಿದರೆ ಕಡ್ಡಿ. ಗಾಳಿ ಜೋರಾದರೆ ಕಂಬ ಹಿಡಿದು ನಿಲ್ಲಬೇಕಾದಂಥ ಸಪೂರ. ಹೆಸರು ಮೈಯಿಂದ ಬಂದದ್ದಲ್ಲ, ಗುಂಡಿಯಿಂದ ಬಂದದ್ದು. ಮೂವತ್ತೊಂದು ವರ್ಷ ಒಂದೇ ದರ್ಜಿ ಅಂಗಡಿಯಲ್ಲಿ, ಒಂದೇ ಮೂಲೆಯಲ್ಲಿ, ಒಂದೇ ಸ್ಟೂಲಿನ ಮೇಲೆ ಕೂತು ಶರಟು ಕೋಟುಗಳಿಗೆ ಗುಂಡಿ ಹಚ್ಚಿದವಳು ಅವಳು. ಗುಂಡಿ ಹಚ್ಚುವ ಅಕ್ಕ ಗುಂಡಿಯಕ್ಕ ಆಗಿ, ಗುಂಡಿಯಕ್ಕ ಗುಂಡಕ್ಕ ಆಗಿ, ಕೊನೆಗೆ ಅವಳ ನಿಜವಾದ ಹೆಸರು ಅವಳಿಗೇ ಎಲ್ಲಾದರೂ ಸಹಿ ಹಾಕುವಾಗ ಮಾತ್ರ ನೆನಪಾಗುವಂತಾಯಿತು.

ಗುಂಡಿಯ ಜೊತೆಗೆ ಕಾಜಾ. ಗುಂಡಿ ತೂರಿಸಲು ಬಟ್ಟೆಯಲ್ಲಿ ಸೀಳು ಮಾಡಿ, ಅದರ ಅಂಚಿಗೆ ಸುತ್ತಲೂ ಒತ್ತೊತ್ತಾಗಿ ದಾರ ಹೆಣೆಯುತ್ತಾರಲ್ಲ, ಅದೇ ಕಾಜಾ. ಸುಮ್ಮನೆ ಹೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಕೂತು ಒಂದು ಹೊಲಿದು ನೋಡಿ, ಆಗ ಗೊತ್ತಾಗುತ್ತದೆ. ಗುಂಡಕ್ಕನ ಕಾಜಾ ಹೇಗಿರುತ್ತಿತ್ತೆಂದರೆ, ಶರಟು ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಕಾಜಾ ಮಾತ್ರ ಹೊಸದಾಗಿಯೇ ಇರುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಅವಳು ಒಂದು ಅನಾಹುತ ಮಾಡಿದ್ದಳು. ಮದುವೆ ಗಂಡಿನ ಕೋಟು. ಎಡಗಡೆ ಕಾಜಾ ಹಾಕು ಎಂದು ಅಂಗಡಿಯ ದರ್ಜಿ ಮಾಸ್ಟರು ಹೇಳಿ ಹೋಗಿದ್ದರು. ಇವಳು ಕೋಟನ್ನು ಮೇಜಿನ ಮೇಲೆ ತನ್ನೆದುರಿಗೆ ಹರಡಿಕೊಂಡು, ತನ್ನ ಎಡಗೈ ಕಡೆ ಚೆಂದವಾಗಿ ಮೂರು ಕಾಜಾ ಹೊಲಿದಿಟ್ಟಳು. ಮಾಸ್ಟರು ಬಂದು ನೋಡಿದವರೇ ಮರದ ಸ್ಕೇಲನ್ನು ಮೇಜಿಗೆ ಫಟಾರನೆ ಬಾರಿಸಿದರು. "ಎಡ ಅಂದ್ರೆ ನಿನ್ನ ಎಡ ಅಲ್ಲಮ್ಮ. ನೋಡೋರ ಎಡಾನೂ ಅಲ್ಲ. ಹಾಕ್ಕೊಳ್ಳೋರ ಎಡ. ತಿಳೀತಾ?" ಎಂದರು. ತಿಳಿಯದೆ ಏನು? ಆ ಸ್ಕೇಲಿನ ಸದ್ದು ಅವಳ ಕಿವಿಯಲ್ಲಿ ಮೂವತ್ತೊಂದು ವರ್ಷ ಉಳಿಯಿತು. ಆಮೇಲೆ ಅವಳ ಪಾಲಿಗೆ ಲೋಕದಲ್ಲಿದ್ದದ್ದು ಒಂದೇ ಎಡ, ಹಾಕಿಕೊಳ್ಳುವವರ ಎಡ. ಫೋಟೋ ತೋರಿಸಿ "ಅಣ್ಣನ ಎಡಕ್ಕೆ ನಿಂತಿರೋದೇ ನಾನು" ಅನ್ನುವಳು, ನೆಂಟರು ಫೋಟೋದ ಇನ್ನೊಂದು ತುದಿಯ ಯಾರನ್ನೋ ನೋಡಿ "ಆಗ ಎಷ್ಟು ದಪ್ಪ ಇದ್ದೆ ನೀನು" ಅನ್ನುವರು.

ಆ ರಸ್ತೆಯಲ್ಲಿ ಸಿದ್ಧ ಉಡುಪಿನ ಅಂಗಡಿಗಳು ಒಂದಾದ ಮೇಲೊಂದು ಬಂದವು. ಅಳತೆ ಕೊಟ್ಟು ಹೊಲಿಸುವ ವ್ಯವಧಾನ ಯಾರಿಗಿದೆ? ಮಾಸ್ಟರು ಒಂದು ದಿನ ಬಾಗಿಲೆಳೆದರು. ಹೋಗುವಾಗ ಅಂಗಡಿಯಲ್ಲಿ ಮಿಕ್ಕಿದ್ದ ಗುಂಡಿಗಳನ್ನೆಲ್ಲ ಗುಂಡಕ್ಕನಿಗೇ ಕೊಟ್ಟರು, ಏಳು ತಗಡಿನ ಡಬ್ಬಿ ತುಂಬ. ಅವಳು ಅವನ್ನು ಹೊತ್ತುಕೊಂಡು ಮನೆಗೆ ಬಂದು ಕೂತಳು. ಐವತ್ನಾಲ್ಕು ವರ್ಷ ವಯಸ್ಸು. ಮದುವೆಯ ಮಾತು ಯಾವಾಗಲೋ ಬಂದು ಯಾವಾಗಲೋ ಹೋಗಿತ್ತು. ಇದ್ದದ್ದು ಅಣ್ಣನ ಮನೆ. ಅಣ್ಣ ಲಾರಿ ಓಡಿಸುವವನು, ಮನೆಗಿಂತ ದಾರಿಯಲ್ಲೇ ಹೆಚ್ಚು ಇರುವವನು. ಹಾಗಾಗಿ ಮನೆಯಲ್ಲಿ ನಿಜಕ್ಕೂ ಇದ್ದವರು ಇಬ್ಬರೇ, ಗುಂಡಕ್ಕ ಮತ್ತು ಅವಳ ಅತ್ತಿಗೆ. ಎರಡು ತಿಂಗಳು ಗುಂಡಕ್ಕನ ಕೈ ಸುಮ್ಮನಿರಲಾರದೆ ಒದ್ದಾಡಿತು. ಮನೆಯ ಬಟ್ಟೆಗಳ ಗುಂಡಿಯನ್ನೆಲ್ಲ ಕಿತ್ತು ಮತ್ತೆ ಹಾಕಿದಳು. ದಿಂಬಿನ ಚೀಲಕ್ಕೂ ಗುಂಡಿ ಹಾಕಿದಳು. ಅಣ್ಣ ಊರಿಗೆ ಬಂದವನು ಬೆಳಗ್ಗೆ ಎದ್ದು ಕೆನ್ನೆಯ ಮೇಲೆ ನಾಲ್ಕು ತೂತಿನ ಗುರುತು ಉಜ್ಜಿಕೊಂಡ.

ಈಗ ಅತ್ತಿಗೆಯ ಮಾತು. ಅತ್ತಿಗೆ ಭರ್ಜರಿ ಆಳು, ದನಿಯೂ ಅಷ್ಟೇ ಭರ್ಜರಿ. ಆದರೆ ಕೈಗೆ ಕ್ರೋಶಾ ಕಡ್ಡಿ ಸಿಕ್ಕಿತೋ, ಬೆರಳುಗಳು ಬೇರೆ ಯಾರವೋ ಅನ್ನುವಷ್ಟು ನಯ. ಒಂದು ಉಂಡೆ ಉಲ್ಲನ್ ದಾರ ಕೊಟ್ಟರೆ ಸುತ್ತಿನ ಮೇಲೆ ಸುತ್ತು ಹೆಣೆದು, ಹತ್ತಿ ತುಂಬಿ, ಸಂಜೆಯೊಳಗೆ ಮೊಲ, ಕರಡಿ, ಆನೆ, ಲಂಗ ತೊಟ್ಟ ಹುಡುಗಿ, ಏನು ಬೇಕು ಅದು. ಮೈ ಎಲ್ಲ ಬಂಗಾರ. ಮುಖಕ್ಕೆ ಬರುವಾಗ ಮಾತ್ರ ಎಲ್ಲ ಕೆಡುತ್ತಿತ್ತು. ಎದುರುಮನೆಯ ಕೂಸಿಗೆಂದು ಮಾಡಿದ ಮೊಲವನ್ನು ನೋಡಿ ಆ ಕೂಸು ಹೋ ಎಂದು ಅತ್ತು, ಮೊಲವನ್ನು ಟವೆಲಿನಲ್ಲಿ ಸುತ್ತಿ ವಾಪಸು ತರಬೇಕಾಯಿತು.

"ಮೈ ಮಾಡೋಕೆ ಬರುತ್ತೆ ಕಣೇ, ಮುಖ ಮಾಡೋಕೆ ಬರಲ್ಲ," ಎಂದು ಅತ್ತಿಗೆ ಮೊಲವನ್ನು ಮೇಜಿನ ಮೇಲೆ ಕುಕ್ಕಿದಳು. "ನನ್ನ ಕೈಲಿ ಎಲ್ಲಾ ಗೊಂಬೆಗೂ ಬಸ್ಸು ತಪ್ಪಿಸ್ಕೊಂಡವರ ಮುಖಾನೇ ಬರುತ್ತೆ."

ಗುಂಡಕ್ಕ ಮೊಲವನ್ನು ಎತ್ತಿಕೊಂಡು ನೋಡಿದಳು. ತಪ್ಪು ಎಲ್ಲಿದೆ ಎಂದು ಅವಳಿಗೆ ಒಂದೇ ನೋಟಕ್ಕೆ ಹೊಳೆಯಿತು. ಮೇಲಿನ ಗುಂಡಿ ಒಂದು ಗೋಧಿಕಾಳಿನಷ್ಟು ಜಾಗ ತಪ್ಪಿದರೂ ಶರಟಿನ ಕಾಲರು ಸೊಟ್ಟಗಾಗುವುದನ್ನು ಮೂವತ್ತೊಂದು ವರ್ಷ ನೋಡಿದ ಕಣ್ಣು ಅದು. "ಕಣ್ಣು ತುಂಬ ಮೇಲಿದೆ ಅತ್ತಿಗೆ. ಹತ್ತಿರಾನೂ ಆಯ್ತು. ಇದು ಮರಿ ಅಲ್ಲ, ಮುದುಕ," ಎಂದಳು. ಹಳೆಯ ಕಣ್ಣು ಬಿಚ್ಚಿದಳು. ಡಬ್ಬಿಯಿಂದ ಎರಡು ಕಪ್ಪು ಗುಂಡಿ ಆರಿಸಿ, ಹೊಲಿಯದೆ, ಗುಂಡುಸೂಜಿ ಚುಚ್ಚಿ ನಿಲ್ಲಿಸಿದಳು. ತೋಳುದ್ದ ದೂರ ಹಿಡಿದು ನೋಡಿದಳು. ಒಂದು ಸುತ್ತು ಕೆಳಗಿಳಿಸಿದಳು. ಮತ್ತೆ ನೋಡಿದಳು. ಒಂದೊಂದು ಹೆಣಿಗೆ ಅತ್ತಿತ್ತ ಸರಿಸಿದಳು. ಸರಿಹೋಯಿತೆನ್ನಿಸಿದ ಮೇಲೆ ದಾರವನ್ನು ಕಣ್ಣಿನಿಂದ ಹೊಕ್ಕಿಸಿ ಕುತ್ತಿಗೆಯ ಹಿಂದೆ ಎಳೆದು ಬಿಗಿದಳು. ಕಣ್ಣಿದ್ದ ಜಾಗ ಒಳಕ್ಕೆ ಸರಿದು ಕೆನ್ನೆ ಎದ್ದಿತು. ಮೂಗಿಗೆ ನಾಲ್ಕು ಎಳೆ. ಬಾಯಿಗೆ ಒಂದೇ ಎಳೆ, ಅದರ ತುದಿಯನ್ನು ಒಂದು ಹೆಣಿಗೆ ಮೇಲಕ್ಕೆತ್ತಿ ಗಂಟು ಹಾಕಿದಳು. ಕೊನೆಗೆ ದರ್ಜಿಯ ಕೆಂಪು ಸೀಮೆಸುಣ್ಣದ ಪುಡಿಯಲ್ಲಿ ಬೆರಳು ಅದ್ದಿ ಎರಡೂ ಕೆನ್ನೆಗೆ ಉಜ್ಜಿದಳು.

ಅತ್ತಿಗೆ ಒಂದು ಹೆಜ್ಜೆ ಹಿಂದಕ್ಕೆ ಹೋದಳು. "ಅಯ್ಯೋ, ನೋಡ್ತಾ ಇದೆ ಕಣೇ," ಎಂದಳು ಮೆಲ್ಲಗೆ. ಅತ್ತಿಗೆ ಮೆಲ್ಲಗೆ ಮಾತಾಡಿದ್ದನ್ನು ಗುಂಡಕ್ಕ ಕೇಳಿದ್ದು ಅದೇ ಮೊದಲು. ಮೊಲ ನಿಜವಾಗಿಯೂ ನೋಡುತ್ತಿತ್ತು. ಏನೋ ತುಂಟತನ ಮಾಡಿ ಬಂದು ಸುಮ್ಮನೆ ಕೂತ ಮರಿಯ ನೋಟ. ಇಷ್ಟು ವರ್ಷ ಹಚ್ಚಿದ ಲಕ್ಷಾಂತರ ಗುಂಡಿಗಳಲ್ಲಿ ಒಂದೂ ಗುಂಡಕ್ಕನನ್ನು ತಿರುಗಿ ನೋಡಿರಲಿಲ್ಲ.

ಅವತ್ತಿನಿಂದ ಮೈ ಅತ್ತಿಗೆಯದು, ಮುಖ ನಾದಿನಿಯದು. ಕಿಟಕಿಯ ಪಕ್ಕ ಮೇಜು ಹಾಕಿದರು. ಒಂದು ತುದಿಯಲ್ಲಿ ಅತ್ತಿಗೆ, ಇನ್ನೊಂದು ತುದಿಯಲ್ಲಿ ಗುಂಡಕ್ಕ, ನಡುವೆ ಮುಖವಿಲ್ಲದ ಗೊಂಬೆಗಳ ಸಾಲು. ತೀರ ಚಿಕ್ಕ ಮಕ್ಕಳ ಗೊಂಬೆಗೆ ಗುಂಡಿ ಇಲ್ಲ, ದಾರದಲ್ಲೇ ಕಣ್ಣು. ಕಿತ್ತು ನುಂಗಿಬಿಟ್ಟಾವು ಎಂದು ಅದರಲ್ಲಿ ಗುಂಡಕ್ಕ ಕಟ್ಟುನಿಟ್ಟು. ದೊಡ್ಡ ಮಕ್ಕಳದ್ದಕ್ಕೆ ಗುಂಡಿ ಹಾಕಿ, ಆಮೇಲೆ ಗೊಂಬೆಯ ತಲೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಗುಂಡಿ ಹಿಡಿದು ಜಗ್ಗುವಳು. ನೋಡಿದವರು ಗೊಂಬೆಗೆ ಹಲ್ಲು ಕೀಳುತ್ತಿದ್ದಾಳೆ ಅಂದುಕೊಳ್ಳಬೇಕು. ಹಾಗೆ ಮುಖ ಮಾಡುತ್ತಾ ಮಾಡುತ್ತಾ ಅವಳ ಕಣ್ಣಿನ ಚಾಳಿಯೇ ಬದಲಾಯಿತು. ಬಸ್ಸಿನಲ್ಲಿ ಎದುರಿಗೆ ಕೂತವರ ಮುಖ ನೋಡಿ ಕಣ್ಣನ್ನು ಮನಸ್ಸಿನಲ್ಲೇ ಒಂದು ಸುತ್ತು ಕೆಳಗಿಳಿಸುವಳು.

ಹೀಗಿರುವಾಗ ಒಂದು ಬೆಳಗ್ಗೆ ಕನ್ನಡಕದಂಗಡಿಯ ಹೆಂಗಸು ಬಂದಳು. ಮೂಲೆಯ ತಿರುವಿನಲ್ಲಿ ಕನ್ನಡಕ ಮಾರುವ ಅಂಗಡಿಯಿದೆ, ಅಲ್ಲಿ ಗಿರಾಕಿಗಳ ಮೂಗಿನ ಮೇಲೆ ಚೌಕಟ್ಟು ಇಟ್ಟು ಅಳತೆ ನೋಡುವವಳು ಇವಳೇ. ಸೂಜಿಗೆ ದಾರ ಪೋಣಿಸಲು ಗುಂಡಕ್ಕ ಹಾಕುವ ಕನ್ನಡಕವೂ ಅವಳ ಕೈಯಿಂದಲೇ ಬಂದದ್ದು. ಯಾವಾಗಲೂ ನಗುನಗುತ್ತಾ ಇರುವವಳು ಅವತ್ತು ಕುರ್ಚಿಯ ತುದಿಯಲ್ಲಿ ಕೂತು ಬ್ಯಾಗಿನ ಹಿಡಿ ತಿರುಚುತ್ತಿದ್ದಳು.

"ದಿನಾ ನೂರು ಜನರ ಕಣ್ಣು ನೋಡ್ತೀನಿ ಗುಂಡಕ್ಕ. ನನ್ನ ಮಗಳ ಕಣ್ಣು ನನಗೇ ಗೊತ್ತಾಗ್ಲಿಲ್ಲ ನೋಡಿ," ಎಂದಳು.

ಮಗಳಿಗೆ ಐದು ವರ್ಷ. ಎಲ್ಲರೂ ಕರೆಯುವುದು ಗೋಲಿ ಎಂದು. ಬಲಗಣ್ಣು ಸೋಮಾರಿ. ಕಣ್ಣಿನಲ್ಲಿ ಗಾಯವಿಲ್ಲ, ಕೆಂಪಿಲ್ಲ, ಸುಮ್ಮನೆ ಕೆಲಸ ಮಾಡುವುದಿಲ್ಲ. ಎಲ್ಲವನ್ನೂ ಎಡಗಣ್ಣೇ ನೋಡಿ ಮುಗಿಸುತ್ತದೆ. ಹಾಗಾಗಿ ದಿನಕ್ಕೆ ಎರಡು ಗಂಟೆ ಎಡಗಣ್ಣಿಗೆ ಪಟ್ಟಿ ಕಟ್ಟಿ ಮುಚ್ಚಿ, ಆಗ ಬಲಗಣ್ಣು ಬೇರೆ ದಾರಿಯಿಲ್ಲದೆ ನೋಡಲು ಕಲಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಈಗಲೇ ಆಗಬೇಕು, ದೊಡ್ಡವಳಾದರೆ ಕಷ್ಟ ಎಂದೂ ಹೇಳಿದ್ದರು.

"ಹತ್ತು ನಿಮಿಷ ಇಟ್ಕೊಳ್ಳಲ್ಲ ಗುಂಡಕ್ಕ. ಕಿತ್ತು ಬಿಸಾಕ್ತಾಳೆ. ಹಿಡ್ಕೊಂಡು ಕಟ್ಟಿದ್ರೆ ಮನೆ ಚಾವಣಿ ಹಾರಿಹೋಗೋ ಹಾಗೆ ಕಿರುಚ್ತಾಳೆ. ಯಾಕೆ ಅಂದ್ರೆ ಹೇಳಲ್ಲ. ಆರು ವಾರ ಆಯ್ತು, ಒಂದು ದಿನಾನೂ ಎರಡು ಗಂಟೆ ಆಗಿಲ್ಲ. ಮುಂದಿನ ತಿಂಗಳು ಡಾಕ್ಟರ ಹತ್ರ ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಮುಖ ನಮ್ಮನೇಲೇ ಸಿಗುತ್ತೆ, ಮೊದಲು ಸರಿಯಾಗಿ ಕೂತ್ಕೋ," ಎಂದಳು ಅತ್ತಿಗೆ. ಕನ್ನಡಕದಂಗಡಿಯವಳಿಗೆ ಆ ಸಂಕಟದಲ್ಲೂ ನಗು ಬಂತು.

ಅವಳು ಕೇಳಿದ್ದು ಇಷ್ಟೇ. ಗೋಲಿಯ ಹಾಗೇ ಇರುವ ಒಂದು ಗೊಂಬೆ, ಎರಡು ಜುಟ್ಟು, ಹಳದಿ ಫ್ರಾಕು. ಎಡಗಣ್ಣಿನ ಮೇಲೆ ಗೋಲಿಯದ್ದೇ ಥರ ಕಪ್ಪು ಪಟ್ಟಿ. ತನ್ನ ಹಾಗೇ ಇನ್ನೊಬ್ಬಳು ಇದ್ದಾಳೆ ಎಂದಾದರೆ ಇಟ್ಟುಕೊಂಡಾಳೇನೋ ಎಂಬ ಆಸೆ. "ಎಡಗಣ್ಣು ತಾನೇ? ಅದನ್ನ ನನಗೆ ಬಿಡು," ಎಂದಳು ಗುಂಡಕ್ಕ. ಎಡದ ವಿಷಯದಲ್ಲಿ ಅವಳಿಗೆ ಹೇಳಿಕೊಡುವವರು ಯಾರಿದ್ದಾರೆ?

ಆ ಒಂದು ವಾರ ಮನೆಯಲ್ಲಿ ಹಬ್ಬಕ್ಕಿಂತ ಹೆಚ್ಚಿನ ಗಡಿಬಿಡಿ. ಅತ್ತಿಗೆ ಎರಡು ಸಲ ತಲೆ ಹೆಣೆದು, ಎರಡು ಸಲ ಬಿಚ್ಚಿ, ಮೂರನೆಯದನ್ನು ಒಪ್ಪಿದಳು. ಗುಂಡಕ್ಕ ಹಾಲು ತರಲು ಹೋದವಳು ಹಾಲನ್ನು ಅಂಗಡಿಯಲ್ಲೇ ಬಿಟ್ಟು, ಯಾರದೋ ಮಗುವಿನ ಹುಬ್ಬು ಹೇಗಿತ್ತು ಎಂದು ಯೋಚಿಸುತ್ತಾ ಬಂದಳು. ಏಳು ಡಬ್ಬಿ ಗುಂಡಿಯನ್ನೂ ನೆಲಕ್ಕೆ ಸುರಿದು ಹುಡುಕಿದಳು. ಕೊನೆಗೆ ಯಾವುದೋ ಕೋಟಿನ ತೋಳಿಗೆ ತಂದು ಮಿಕ್ಕಿದ್ದ ಕಂದು ಗುಂಡಿ ಎರಡು ಸಿಕ್ಕವು. ಬೆಳಕಿಗೆ ಹಿಡಿದರೆ ಒಳಗೆ ಸಣ್ಣಗೆ ಮಿನುಗುತ್ತಿದ್ದವು. ಎರಡನ್ನೂ ಹಚ್ಚಿದಳು.

"ಮುಚ್ಚೋ ಕಣ್ಣಿಗೆ ಗುಂಡಿ ಯಾಕೇ? ಅದರ ಮೇಲೆ ಪಟ್ಟಿ ಬರುತ್ತಲ್ಲ, ಯಾರು ನೋಡ್ತಾರೆ?" ಎಂದಳು ಅತ್ತಿಗೆ.

"ಯಾರಾದ್ರೂ ನೋಡಲಿ ಬಿಡಲಿ, ಕಣ್ಣು ಇರಬೇಕಲ್ಲ ಅತ್ತಿಗೆ."

"ಸರಿ ಬಿಡು, ನಿನ್ನ ಗುಂಡಿ, ನಿನ್ನ ಡಬ್ಬಿ."

ಕೋಟಿನ ಕಪ್ಪು ಬಟ್ಟೆಯ ಚೂರನ್ನು ದುಂಡಗೆ ಕತ್ತರಿಸಿ, ಗೊಂಬೆಯ ಎಡಗಣ್ಣಿನ ಮೇಲಿಟ್ಟು, ಸುತ್ತಲೂ ಕಣ್ಣಿಗೆ ಕಾಣದ ಹೊಲಿಗೆ ಹಾಕಿ ಬಿಗಿದಳು ಗುಂಡಕ್ಕ. ಗೊಂಬೆಯ ಎಡ. ಹಾಕಿಕೊಳ್ಳುವವರ ಎಡ. ಜಗ್ಗಿ ನೋಡಿದಳು, ಜಪ್ಪಯ್ಯ ಎಂದರೂ ಬರಲಿಲ್ಲ. ತುಟಿಯ ತುದಿಯನ್ನು ಒಂದು ಹೆಣಿಗೆ ಮೇಲೆತ್ತಿದಳು. ಗೊಂಬೆ ಒಂಟಿಗಣ್ಣಲ್ಲಿ ಕಿಸಕ್ಕನೆ ನಗುವಂತೆ ನೋಡಿತು. ಇಷ್ಟು ಚೆಂದದ ಮುಖ ಅವಳ ಕೈಯಿಂದ ಹಿಂದೆ ಬಂದಿರಲಿಲ್ಲ. ಅವಳಿಗೆ ಅದು ಗೊತ್ತಿತ್ತು, ಅತ್ತಿಗೆಗೂ ಗೊತ್ತಿತ್ತು.

ಕನ್ನಡಕದಂಗಡಿಗೆ ವಾರದ ರಜೆಯಿದ್ದ ದಿನ ಹನ್ನೊಂದು ಗಂಟೆಗೆ ತಾಯಿ ಮಗಳು ಬಂದರು. ಗೋಲಿ ಬಾಗಿಲಲ್ಲೇ ನಿಂತು ತಲೆ ಸ್ವಲ್ಪ ಓರೆ ಮಾಡಿ ಎಲ್ಲವನ್ನೂ ನೋಡಿದಳು. ಎಡಗಣ್ಣನ್ನು ಮುಂದೆ ಮಾಡಿಕೊಂಡೇ ನೋಡುವ ಚಾಳಿ. ಗುಂಡಕ್ಕನನ್ನು ನೋಡಿ "ಇವರಾ ಗುಂಡಜ್ಜಿ? ಗುಂಡಗೇ ಇಲ್ಲ," ಎಂದಳು. ಅಕ್ಕ ಒಂದೇ ಏಟಿಗೆ ಅಜ್ಜಿಯಾದದ್ದಕ್ಕೆ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗೊಂಬೆ ಕೈಗೆ ಬಂದಾಗ ಹುಡುಗಿಯ ಮುಖ ಅರಳಿತು. ಜುಟ್ಟು ಮುಟ್ಟಿದಳು, ಫ್ರಾಕಿನ ಅಂಚು ಎತ್ತಿ ಕಾಲು ನೋಡಿದಳು, ಮೂಗು ಒತ್ತಿದಳು. ತಾಯಿ ಇದೇ ಸಮಯವೆಂದು ಬ್ಯಾಗಿನಿಂದ ಎಲಾಸ್ಟಿಕ್ ಹಚ್ಚಿದ ಪಟ್ಟಿ ತೆಗೆದು "ಅವಳೂ ಹಾಕ್ಕೊಂಡಿದಾಳೆ, ನೀನೂ ಹಾಕ್ಕೊಳ್ತೀಯಾ?" ಎಂದು ಮೆಲ್ಲಗೆ ಗೋಲಿಯ ತಲೆಗೆ ಏರಿಸಿದಳು. ಗೋಲಿ ಕಿರುಚಲಿಲ್ಲ. ಅವಳು ಗೊಂಬೆಯನ್ನು ಎತ್ತಿಕೊಂಡು ಬೀರುವಿನ ಬಾಗಿಲಿನ ಕನ್ನಡಿಯ ಮುಂದೆ ಹೋಗಿ ನಿಂತಳು. ಕನ್ನಡಿಯೊಳಗಿನ ತನ್ನನ್ನು ನೋಡಿದಳು. ಗೊಂಬೆಯನ್ನು ತನ್ನ ಕಡೆ ತಿರುಗಿಸಿ ಅದನ್ನು ನೋಡಿದಳು. ಮತ್ತೆ ಕನ್ನಡಿ. ಮತ್ತೆ ಗೊಂಬೆ.

"ಇವಳು ತಪ್ಪು ಕಣ್ಣಿಗೆ ಹಾಕ್ಕೊಂಡಿದಾಳೆ," ಎಂದಳು.

ಗುಂಡಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. "ಇಲ್ಲ ಮರಿ, ಅದು ಅವಳ ಎಡಗಣ್ಣು. ನಿಂದೂ ಎಡಗಣ್ಣೇ."

"ಕನ್ನಡೀಲಿ ನಂದು ಈ ಕಡೆ ಇದೆ. ಇವಳದ್ದು ಆ ಕಡೆ."

"ಕನ್ನಡಿ ತಿರುಗಿಸಿ ತೋರಿಸುತ್ತೆ ಪುಟ್ಟಾ," ಎಂದಳು ತಾಯಿ. "ಗುಂಡಜ್ಜಿ ಮಾಡಿರೋದೇ ಸರಿ."

"ಮತ್ತೆ ಈ ಕಡೆ ಯಾಕಿಲ್ಲ?"

ಅತ್ತಿಗೆ ನಡುವೆ ನುಗ್ಗಿದಳು. ಗುಂಡಕ್ಕನನ್ನು ಎದುರಿಗೆ ನಿಲ್ಲಿಸಿಕೊಂಡು ಎಡಗೈ ಎತ್ತು ಎಂದಳು, ತಾನೂ ಎಡಗೈ ಎತ್ತಿದಳು, ಎರಡು ಕೈ ಎರಡು ದಿಕ್ಕಿಗೆ ಹೋದವು. ತಾನು ಗಿರಕ್ಕನೆ ತಿರುಗಿ ಬೆನ್ನು ಹಾಕಿ ಮತ್ತೆ ಎತ್ತಿದಳು, ಈಗ ಒಂದೇ ಕಡೆ ಬಂದವು. "ಮಗು ಹೇಳೋದೂ ಸರಿ, ನೀನು ಹೇಳೋದೂ ಸರಿ, ನನಗೆ ತಲೆ ಸುತ್ತು ಬಂತು," ಎಂದು ಕುರ್ಚಿಗೆ ಕುಸಿದಳು.

ಗೋಲಿ ಆ ಗಲಾಟೆ ಮುಗಿಯಲೆಂದು ಕಾಯಲಿಲ್ಲ. ಗೊಂಬೆಯನ್ನು ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ, ತನ್ನ ಪಟ್ಟಿಯನ್ನು ಎಳೆದು ತೆಗೆದು ಮೇಜಿನ ಕೆಳಗೆ ಎಸೆದಳು. ತಾಯಿ ಬ್ಯಾಗಿನ ಹಿಡಿಯನ್ನು ಮತ್ತೆ ತಿರುಚತೊಡಗಿದಳು. ಬೈದಿದ್ದರೂ ಗುಂಡಕ್ಕನಿಗೆ ಸಮಾಧಾನವಾಗುತ್ತಿತ್ತು. ಹಾಕಿಕೊಳ್ಳುವವರ ಎಡ, ಹಾಕಿಕೊಳ್ಳುವವರ ಎಡ ಎಂದು ಮೂವತ್ತೊಂದು ವರ್ಷ ಜಪಿಸಿದವಳು, ಐದು ವರ್ಷದ ಹುಡುಗಿ ತನ್ನ ಮುಖವನ್ನು ನೋಡಿರುವುದು ಕನ್ನಡಿಯಲ್ಲಿ ಮಾತ್ರ ಎಂಬುದನ್ನು ಯೋಚಿಸಿರಲಿಲ್ಲ. ದಡ್ಡಿ ಎಂದು ತನಗೆ ತಾನೇ ಬೈದುಕೊಂಡಳು.

"ಆಯ್ತು, ಬಿಚ್ಚಿ ಆ ಕಡೆ ಹಾಕ್ತೀನಿ ಮರಿ. ಐದು ನಿಮಿಷ," ಎಂದು ಹೊಲಿಗೆ ಬಿಚ್ಚುವ ಸಣ್ಣ ಬ್ಲೇಡು ಎತ್ತಿಕೊಂಡಳು.

ಗೋಲಿ ಮೇಜಿನ ಹತ್ತಿರ ಬಂದಳು. "ಬಿಚ್ಚಿದ್ರೆ ಒಳಗೆ ಏನಿರುತ್ತೆ?"

"ಕಣ್ಣು."

"ಇರಲ್ಲ. ಮುಚ್ಚಿದ್ರೆ ಹೋಗ್ಬಿಡುತ್ತೆ."

"ಯಾರು ಹಾಗೆ ಹೇಳಿದ್ರು ನಿನಗೆ?" ಎಂದಳು ತಾಯಿ.

"ಯಾರೂ ಇಲ್ಲ. ಕತ್ತಲೆ ಆಗುತ್ತಲ್ಲ. ಕಣ್ಣಿದ್ರೆ ಯಾಕೆ ಕತ್ತಲೆ ಆಗುತ್ತೆ?"

ಆರು ವಾರದ ಕಿರುಚಾಟದ ಗುಟ್ಟು ಇದು. ತಾಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಗುಂಡಕ್ಕ ಏನೂ ವಿವರಿಸಲು ಹೋಗಲಿಲ್ಲ. ವಿವರಿಸುವುದು ಅವಳಿಗೆ ಬರುತ್ತಲೂ ಇರಲಿಲ್ಲ. ಗೊಂಬೆಯನ್ನು ಗೋಲಿಯ ಎದುರಿಗೆ ಕೂರಿಸಿ, ಪಟ್ಟಿಯ ಸುತ್ತಲಿನ ಹೊಲಿಗೆಯನ್ನು ಒಂದೊಂದೇ ಕತ್ತರಿಸುತ್ತಾ ಬಂದಳು. ಕೊನೆಯ ನಾಲ್ಕು ಹೊಲಿಗೆ ಉಳಿದಾಗ ನಿಲ್ಲಿಸಿ, "ಇನ್ನು ನೀನೇ ಎಳಿ," ಎಂದಳು. ಹುಡುಗಿ ಎರಡು ಬೆರಳಲ್ಲಿ ಪಟ್ಟಿಯ ಅಂಚು ಹಿಡಿದು, ಮುಖ ಹಿಂದಕ್ಕೆ ಮಾಡಿಕೊಂಡು, ಎಳೆದಳು.

ಒಳಗೆ ಕಂದು ಗುಂಡಿ. ಕಿಟಕಿಯ ಬೆಳಕಿಗೆ ಮಿನುಗಿತು.

"ಇದೆ," ಎಂದಳು ಗೋಲಿ. ಬೆರಳಿಟ್ಟು ಮುಟ್ಟಿ ನೋಡಿದಳು. "ಹೋಗೇ ಇಲ್ಲ."

ಅತ್ತಿಗೆ ಗುಂಡಕ್ಕನ ಕಡೆ ತಿರುಗಿ ನೋಡಿದಳು, ಮುಚ್ಚುವ ಕಣ್ಣಿಗೆ ಗುಂಡಿ ಯಾಕೆ ಎಂದು ಕೇಳಿದವಳು ತಾನೇ ಎಂಬುದು ನೆನಪಾಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಗೋಲಿಗೆ ಈಗ ಹುರುಪು ಬಂದುಬಿಟ್ಟಿತು. "ಮತ್ತೆ ಮುಚ್ಚು. ಮತ್ತೆ ತೆಗೀತೀನಿ. ಇರುತ್ತಾ ನೋಡ್ತೀನಿ," ಎಂದಳು. "ಎದುರಿಗೆ ಕೂತಾಗ ಈ ಕಣ್ಣು ಮುಚ್ಚಬೇಕು. ತೊಡೆ ಮೇಲೆ ಬೆನ್ನು ಹಾಕಿ ಕೂತಾಗ ಆ ಕಣ್ಣು. ಅವಾಗ ನಂದೂ ಅವಳದ್ದೂ ಒಂದೇ ಕಡೆ ಬರುತ್ತೆ."

"ಅಮ್ಮಾ ತಾಯಿ," ಎಂದಳು ಅತ್ತಿಗೆ, "ಸಲಸಲಕ್ಕೂ ಮುಚ್ಚಿ ತೆಗೆಯೋಕೆ ಇದೇನು ಶರಟಿನ ಪಟ್ಟಿನಾ, ಗುಂಡಿ ಹಾಕಿ ಬಿಚ್ಚೋಕೆ?"

ಗುಂಡಕ್ಕನ ಕೈ ಗಾಳಿಯಲ್ಲೇ ನಿಂತಿತು. ಶರಟಿನ ಪಟ್ಟಿ. ಎದೆಯ ನಡುವೆ ಕಾಜಾಗಳು ಸಾಲಾಗಿ ಬರುವ ಕಾಜಾ ಪಟ್ಟಿ. ಕಣ್ಣಿನದೂ ಪಟ್ಟಿಯೇ, ಕಾಜಾ ಹಾಕುವುದೂ ಪಟ್ಟಿಗೇ. ಗುಂಡಿಯಂತೂ ಆಗಲೇ ಮುಖದ ಮೇಲೆ ಕೂತಿದೆ. "ಅತ್ತಿಗೆ, ನಿಮ್ಮ ಬಾಯಿಗೆ ಸಕ್ಕರೆ ಹಾಕ," ಎಂದವಳೇ ಕನ್ನಡಕ ಏರಿಸಿ ಕಪ್ಪು ಬಟ್ಟೆ ಹುಡುಕತೊಡಗಿದಳು. ಸೂಜಿಗೆ ದಾರ ಒಂದೇ ಸಲಕ್ಕೆ ಹೊಕ್ಕಿತು.

ಮೊದಲು ಗೊಂಬೆಯ ಎರಡೂ ಕಣ್ಣನ್ನು ಬಿಚ್ಚಿ, ದಪ್ಪ ಕೋಟಿನ ಗುಂಡಿಗೆ ಮಾಡುವ ಹಾಗೆ ಗುಂಡಿ ಬಟ್ಟೆಗೆ ಅಂಟದೆ ಸ್ವಲ್ಪ ಮೇಲೆ ನಿಲ್ಲುವಂತೆ ಕೆಳಗೆ ದಾರದ ಕತ್ತು ಬಿಟ್ಟು ಮತ್ತೆ ಹಚ್ಚಿ, ಜಗ್ಗಿ ನೋಡಿದಳು. ಆಮೇಲೆ ದುಂಡನೆಯ ಹೊಸ ಪಟ್ಟಿ ಕತ್ತರಿಸಿ, ನಡುವೆ ಸೀಳಿ, ಹೆಣೆಯುತ್ತಾ ಹೋದಳು. ಸೂಜಿ ಹೊಕ್ಕು, ದಾರ ಸುತ್ತಿ, ಎಳೆ. ಹೊಕ್ಕು, ಸುತ್ತಿ, ಎಳೆ. ಗೋಲಿ ಮೇಜಿಗೆ ಗದ್ದ ಊರಿ ನೋಡುತ್ತಿದ್ದಳು. ಕಾಜಾ ಮುಗಿಯಿತು. ಪಟ್ಟಿಯನ್ನು ಗೊಂಬೆಯ ಕಣ್ಣಿನ ಮೇಲಿಟ್ಟು ಗುಂಡಿ ತೂರಿಸಿದರೆ, ಕಣ್ಣು ಪಟ್ಟಿಯನ್ನು ದಾಟಿ ಹೊರಗೆ ಬಂದು ಕೂತು ಪಿಳಿಪಿಳಿ ನೋಡಿತು.

"ಪಟ್ಟಿಗೇ ಕಣ್ಣು ಬಂತು," ಎಂದು ಗೋಲಿ ಬಿದ್ದು ಬಿದ್ದು ನಕ್ಕಳು. ಅತ್ತಿಗೆಯ ನಗು ಬೀದಿಗೆ ಕೇಳಿತು. ತಾಯಿಗೂ ನಗು ತಡೆಯಲಾಗಲಿಲ್ಲ. ಗುಂಡಕ್ಕ ಹಣೆ ಚಚ್ಚಿಕೊಂಡಳು. ಗುಂಡಿ ಕಾಜಾದಿಂದ ಹೊರಗೆ ಬರದೆ ಇನ್ನೆಲ್ಲಿ ಹೋಗುತ್ತದೆ, ಅದೇ ತಾನೇ ಅದರ ಕೆಲಸ.

ಆದರೆ ಗುಂಡಿ ಕಾಣಿಸದ ಕೋಟೂ ಇರುತ್ತದೆ. ಮಾಸ್ಟರು ದೊಡ್ಡ ಮನುಷ್ಯರಿಗೆ ಮಾತ್ರ ಹೊಲಿಯುತ್ತಿದ್ದ ಉದ್ದನೆಯ ಕೋಟು, ಎದುರಿನಿಂದ ನೋಡಿದರೆ ಒಂದು ಗುಂಡಿಯೂ ಇಲ್ಲ. ಒಳಗೊಂದು ಪದರ, ಹೊರಗೊಂದು ಪದರ. ಕಾಜಾ ಒಳಪದರಕ್ಕೆ, ಹೊರಪದರ ಅದರ ಮೇಲೆ ಬಾಗಿಲಿನ ಪರದೆಯ ಹಾಗೆ ಇಳಿಬಿದ್ದಿರುತ್ತದೆ. ಗುಂಡಕ್ಕ ಇನ್ನೊಂದು ಕಪ್ಪು ಬಿಲ್ಲೆ ಕತ್ತರಿಸಿ, ಕಾಜಾ ಇದ್ದ ಬಿಲ್ಲೆಯ ಮೇಲಿಟ್ಟು, ಮೇಲಂಚಿಗೆ ಮಾತ್ರ ಹೊಲಿದಳು. ಪರದೆ ಎತ್ತಿ, ಗುಂಡಿ ತೂರಿಸಿ, ಪರದೆ ಬಿಟ್ಟಳು. ಕಣ್ಣು ಪೂರ್ತಿ ಮುಚ್ಚಿತು. ಬಿಚ್ಚಿದಳು. ಕಣ್ಣು ಬಂತು. ಇನ್ನೊಂದು ಕಣ್ಣಿಗೆ ಹಾಕಿದಳು. ಅದೂ ಮುಚ್ಚಿತು. ಖುಷಿ ತಡೆಯಲಾರದೆ ಅವಳು ಕೂತಲ್ಲೇ ಮೇಜನ್ನು ತಟ್ಟಿದಳು, ಸ್ಕೇಲಿನಿಂದ ಬಾರಿಸಿದಷ್ಟೇ ಜೋರಾಗಿ.

ಗೋಲಿ ಗೊಂಬೆಯನ್ನು ಕಸಿದುಕೊಂಡಳು. ಎದುರಿಗೆ ಕೂರಿಸಿ ಒಂದು ಕಣ್ಣಿಗೆ ಹಾಕಿದಳು, ತೊಡೆಯ ಮೇಲೆ ಕೂರಿಸಿ ಇನ್ನೊಂದಕ್ಕೆ ಹಾಕಿದಳು. ಪರದೆ ಎತ್ತಿ ಇಣುಕಿದಳು. "ಇದೆ," ಎಂದಳು ಮತ್ತೊಮ್ಮೆ. ಆಮೇಲೆ ಯಾರೂ ಹೇಳದೆಯೇ ಮೇಜಿನ ಕೆಳಗೆ ತೂರಿ, ತಾನು ಎಸೆದಿದ್ದ ಪಟ್ಟಿಯನ್ನು ಹೆಕ್ಕಿ ತಾಯಿಯ ಕೈಗೆ ಕೊಟ್ಟಳು.

"ನಂಗೂ ಹಾಕು. ಒಳಗೆ ಇರುತ್ತಲ್ಲ?"

"ಇರುತ್ತೆ ಪುಟ್ಟಾ. ಅಲ್ಲೇ ಇರುತ್ತೆ."

"ಎಡಕ್ಕೆ ಹಾಕು." ಗೋಲಿ ಗುಂಡಕ್ಕನ ಕಡೆ ತಿರುಗಿದಳು. "ಯಾರ ಎಡ, ಗುಂಡಜ್ಜಿ?"

"ಹಾಕ್ಕೊಳ್ಳೋರ ಎಡ," ಎಂದಳು ಗುಂಡಕ್ಕ.

ಎಡಗಣ್ಣು ಮುಚ್ಚಿತು. ಈಗ ಗೋಲಿಗೆ ಉಳಿದದ್ದು ಸೋಮಾರಿ ಕಣ್ಣೊಂದೇ. ಗೊಂಬೆಯ ಪಟ್ಟಿ ಬಿಚ್ಚಿದಳು, ಅದು ಸುಲಭ. ಮತ್ತೆ ಹಾಕಲು ಹೋದಾಗ ಗುಂಡಿ ಸಿಗಲಿಲ್ಲ. ಕಾಜಾ ಗುಂಡಿಯ ಪಕ್ಕಕ್ಕೆ ಹೋಯಿತು, ಮೂಗಿನ ಮೇಲೆ ಹೋಯಿತು. ಅವಳು ಹಲ್ಲು ಕಚ್ಚಿದಳು. ಮೂಗು ಗೊಂಬೆಗೆ ತಾಗುವಷ್ಟು ಬಗ್ಗಿದಳು. ಅತ್ತಿಗೆ ನೋಡಲಾರದೆ "ಇಲ್ಲಿ ಕೊಡು ಬಂಗಾರ" ಎಂದು ಕೈ ಚಾಚಿದಳು. ತಾಯಿ ತಟ್ಟನೆ ಆ ಕೈ ಹಿಡಿದುಕೊಂಡಳು.

"ಬೇಡಿ," ಎಂದಳು ಪಿಸುಮಾತಿನಲ್ಲಿ. "ಆ ಕಣ್ಣು ಹುಡುಕ್ತಾ ಇದೆ. ಡಾಕ್ಟರು ಹೇಳಿದ್ದು ಇದನ್ನೇ."

ಕಾಜಾ ಒಮ್ಮೆ ಗುಂಡಿಯ ಅಂಚಿಗೆ ಸಿಕ್ಕಿ ಜಾರಿತು. ಇನ್ನೊಮ್ಮೆ ಜಾರಿತು. ಹುಡುಗಿಯ ಬಲಗಣ್ಣು ಆ ಸಣ್ಣ ಸೀಳನ್ನೇ ನೆಟ್ಟು ನೋಡುತ್ತಿತ್ತು, ರೆಪ್ಪೆ ಬಡಿಯದೆ. ಗುಂಡಕ್ಕನ ಬೆರಳುಗಳು ತಾವಾಗಿಯೇ ಮಡಿಲಲ್ಲಿ ಇಲ್ಲದ ಗುಂಡಿಯನ್ನು ತೂರಿಸುತ್ತಿದ್ದವು. ಕೊನೆಗೆ ಗುಂಡಿ ಮೆತ್ತಗೆ ಕಾಜಾದೊಳಗೆ ಹೊಕ್ಕಿತು.

"ಸಿಕ್ತು," ಎಂದಳು ಗೋಲಿ. ಪರದೆ ಬಿಟ್ಟಳು. ಮತ್ತೆ ಎತ್ತಿದಳು, ಬಿಚ್ಚಿದಳು, ಇದೆಯೇ ಎಂದು ನೋಡಿದಳು, ಮತ್ತೆ ಹಾಕಲು ಹುಡುಕತೊಡಗಿದಳು.

ಅತ್ತಿಗೆ ಚಹಾ ಮಾಡಿ ತಂದಳು, ಅದು ಆರಿತು. ಇನ್ನೊಮ್ಮೆ ಮಾಡಿದಳು, ಅದೂ ಆರಿತು. ಗೋಲಿ ನೆಲದ ಮೇಲೆ ಕಾಲು ಚಾಚಿ ಕೂತು ಗೊಂಬೆಗೆ ಬೈಯುತ್ತಿದ್ದಳು, ಅಲ್ಲಾಡಬೇಡ, ಕಣ್ಣು ಎಲ್ಲೂ ಹೋಗಲ್ಲ, ಅಳಬೇಡ ಎಂದು. ತಾಯಿ ಯಾವಾಗಲೋ ಗೋಡೆಯ ಗಡಿಯಾರ ನೋಡಿದಳು, ನೋಡಿದವಳು ಮತ್ತೆ ನೋಡಿದಳು. ಪಟ್ಟಿ ಕಟ್ಟಿ ಎರಡು ಗಂಟೆಯ ಮೇಲೆ ಹತ್ತು ನಿಮಿಷ ಆಗಿತ್ತು. ಅವಳು ಎದ್ದು ಬಂದು ಗುಂಡಕ್ಕನ ಎರಡೂ ಕೈ ಹಿಡಿದುಕೊಂಡಳು.

"ಗೋಲಿ, ಇವತ್ತಿಗೆ ಆಯ್ತು ಪುಟ್ಟಾ, ತೆಗೀಬಹುದು," ಎಂದಳು ಕೊನೆಗೆ.

ಗೋಲಿ ತಲೆಯೆತ್ತಲಿಲ್ಲ. "ಇರಮ್ಮ. ಇವಳದ್ದು ಇನ್ನೂ ಆಗಿಲ್ಲ," ಎಂದಳು.

ಗುಂಡಕ್ಕ ಸುಮ್ಮನೆ ಕೂತು ಆ ಪುಟ್ಟ ಬೆರಳುಗಳನ್ನು ನೋಡಿದಳು. ಮೂವತ್ತೊಂದು ವರ್ಷ ಹೊಲಿದ ಕಾಜಾಗಳಲ್ಲಿ ಇಷ್ಟು ಖುಷಿ ಕೊಟ್ಟದ್ದು ಒಂದೂ ಇರಲಿಲ್ಲ. ಗೋಲಿ ಇನ್ನೂ ಹತ್ತು ಸಲ ಗುಂಡಿ ಹಾಕಿ, ಹತ್ತು ಸಲ ಬಿಚ್ಚಿ, ಆಮೇಲೆಯೇ ಎದ್ದಳು.